ಡ್ಯೂಕ್ ಅಂಗಳದಲ್ಲಿ ಡ್ಯೂಕನ್ನು ಸೋಲಿಸಲು: ಮೂರು ಚೆಂಡಿನ ಲೆಕ್ಕ

ಪ್ರಶ್ನೆ: ಮಗಳು ಚ್ಯಾಪಲ್ ಹಿಲ್‌ನ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ದೆಸೆಯಿಂದ ಮೈಸೂರಿನಲ್ಲಿ ಕೂತ ನಮಗೂ ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು ಹತ್ತಿದೆ. ಡ್ಯೂಕ್ ತಂಡವನ್ನು ಅವರದೇ ಕ್ಯಾಮರನ್ ಸ್ಟೇಡಿಯಂನಲ್ಲಿ ಎದುರಿಸುವಾಗ ನಮ್ಮವರು ಒಂದು ವರ್ಷ ಗೆದ್ದು ಬರುತ್ತಾರೆ, ಇನ್ನೊಂದು ವರ್ಷ ಅರ್ಧ ಆಟಕ್ಕೇ ಕೈಚೆಲ್ಲುತ್ತಾರೆ. ಹತ್ತೇ ಮೈಲಿ ದೂರದ ಊರಿಗೆ ಹೋಗಿ ಆಡುವುದರಲ್ಲಿ ಅಂಥ ಕಷ್ಟವೇನು? ಕೋಚ್‌ಗಳು ಇಂಥ ಪಂದ್ಯಕ್ಕೆ ಹೇಗೆ ಯೋಜನೆ ಹಾಕುತ್ತಾರೆ, ಎಲ್ಲಿ ಎಡವುತ್ತಾರೆ?

ಉತ್ತರ: ದೂರದ ಮಾತನ್ನು ಮೊದಲು ಮುಗಿಸೋಣ. ಚ್ಯಾಪಲ್ ಹಿಲ್‌ನಿಂದ ಡ್ಯೂಕ್ ಇರುವ ಡರ್ಹಮ್‌ಗೆ ಬಸ್ಸಿನಲ್ಲಿ ಅರ್ಧ ಗಂಟೆ. ಪ್ರಯಾಣದ ದಣಿವಿಲ್ಲ, ಸಮಯವಲಯ ಬದಲಾಗುವುದಿಲ್ಲ, ಹಿಂದಿನ ರಾತ್ರಿ ಅವರವರ ಹಾಸಿಗೆಯಲ್ಲೇ ಮಲಗಬಹುದು. ಹಾಗಾಗಿ ತವರಿನ ಅನುಕೂಲ ಎಂಬುದರಲ್ಲಿ ನಿಜವಾಗಿ ಏನೇನಿದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪಂದ್ಯ ಸಿಗದು. ಪ್ರಯಾಣ ಕಳೆದರೆ ಉಳಿಯುವುದು ಮೂರು: ಗದ್ದಲ, ರೆಫರಿಯ ಸೀಟಿ, ಅಂಗಳದ ಪರಿಚಯ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ತವರಿನ ತಂಡಕ್ಕೆ ಸಿಗುವ ಲಾಭ ಸರಾಸರಿ ಸುಮಾರು 3 ಅಂಕ. ಕ್ಯಾಮರನ್‌ನಂಥ ಕಡೆ ಒಂದೆರಡು ಹೆಚ್ಚೇ ಇರಲಿ. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೂ ಹತ್ತಿರ ಹತ್ತಿರ 70 ಸರದಿ ಸಿಗುತ್ತದೆ, ಅಂದರೆ ಅಷ್ಟು ಸಲ ಚೆಂಡು ಕೈಗೆ ಬರುತ್ತದೆ. 70 ಸರದಿಯಲ್ಲಿ 3 ಅಂಕ ಎಂದರೆ ಬೆಟ್ಟವೇನಲ್ಲ. ಸಮಸ್ಯೆ ಏನೆಂದರೆ ಈ ಅಂಕಗಳು ಸಮನಾಗಿ ಹರಡಿಕೊಂಡು ಬರುವುದಿಲ್ಲ, ಗುಂಪಾಗಿ ಬರುತ್ತವೆ. ಎರಡು ನಿಮಿಷದಲ್ಲಿ 10–0 ಆಗಿಬಿಡುತ್ತದೆ. ಆಮೇಲೆ ಉಳಿದ ಮೂವತ್ತೆಂಟು ನಿಮಿಷ ಸಮಬಲದಲ್ಲಿ ಆಡಿದರೂ ಸೋಲೇ.

ಆ ಎರಡು ನಿಮಿಷ ಹುಟ್ಟುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಜೀವಂತ ಚೆಂಡು ಕೈತಪ್ಪಿದಾಗ. ಟರ್ನೋವರ್‌ಗಳಲ್ಲಿ, ಅಂದರೆ ಶಾಟ್ ಹೊಡೆಯುವ ಮೊದಲೇ ಚೆಂಡು ಎದುರಾಳಿಯ ಪಾಲಾಗುವುದರಲ್ಲಿ, ಎರಡು ಜಾತಿ. ಪಾಸ್ ಗೆರೆಯಾಚೆ ಹೋಯಿತು, ನಡಿಗೆ ತಪ್ಪಾಯಿತು, ಅಫೆನ್ಸಿವ್ ಫೌಲ್ ಆಯಿತು ಅನ್ನಿ. ಆಟ ನಿಲ್ಲುತ್ತದೆ, ಐವರೂ ಹಿಂದೆ ಓಡಿ ಡಿಫೆನ್ಸ್‌ಗೆ ನಿಲ್ಲಲು ಸಮಯ ಸಿಗುತ್ತದೆ. ಎದುರಾಳಿ ಪಾಸನ್ನು ನಡುವೆ ಹಾರಿ ಕಿತ್ತುಕೊಂಡರೆ ಆಟ ನಿಲ್ಲುವುದಿಲ್ಲ. ನಮ್ಮ ಮೂವರು ಇನ್ನೂ ಮುಂದಕ್ಕೆ ಮುಖ ಮಾಡಿರುತ್ತಾರೆ, ಅವನು ಒಬ್ಬನೇ ಹೋಗಿ ಡಂಕ್ ಮಾಡುತ್ತಾನೆ, ಛಾವಣಿ ಹಾರುತ್ತದೆ. ಲೆಕ್ಕ ಹಾಕಿ. ನಮ್ಮ ಸರದಿ ಹೋಯಿತು, ಅದರ ಬೆಲೆ ಸುಮಾರು 1 ಅಂಕ. ಡಿಫೆನ್ಸ್ ಸಜ್ಜಾಗಿ ನಿಂತಿದ್ದರೆ ಎದುರಾಳಿಗೆ ಒಂದಕ್ಕಿಂತ ತುಸು ಕಡಿಮೆ ಸಿಗಬೇಕಿದ್ದ ಜಾಗದಲ್ಲಿ ಈಗ 1.2ರ ಆಸುಪಾಸು ಸಿಗುತ್ತದೆ. ಒಟ್ಟು ನಷ್ಟ ಒಂದೂಕಾಲು ಅಂಕದ ಹತ್ತಿರ. ಇಂಥ ಮೂರು ಚೆಂಡು ಉಳಿಸಿಕೊಂಡರೆ ತವರಿನ 3 ಅಂಕದ ಲಾಭ ಅಲ್ಲಿಗೇ ಚುಕ್ತಾ.

ನನ್ನ ಇಡೀ ಉತ್ತರ ಈ ಮೂರು ಚೆಂಡಿನ ಸುತ್ತ ಸುತ್ತುತ್ತದೆ. ಹೊರಗಿನ ಅಂಗಳದಲ್ಲಿ ಗೆಲ್ಲಲು "ಇನ್ನಷ್ಟು ಕೆಚ್ಚು" ಬೇಕು ಎನ್ನುವ ಟೀವಿ ಮಾತನ್ನು ಪಕ್ಕಕ್ಕಿಡಿ. ಕೆಚ್ಚು ಎರಡೂ ಕಡೆ ಬೇಕಾದಷ್ಟಿರುತ್ತದೆ.

ಗದ್ದಲ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ಕ್ಯಾಮರನ್ 1940ರಲ್ಲಿ ತೆರೆದ ಹಳೆಯ ಕಟ್ಟಡ, ಹಿಡಿಯುವುದು 9,314 ಜನರನ್ನು. ಚ್ಯಾಪಲ್ ಹಿಲ್‌ನ ಡೀನ್ ಸ್ಮಿತ್ ಸೆಂಟರ್‌ನಲ್ಲಿ 21,750 ಆಸನಗಳಿವೆ. ಆದರೂ ಸಣ್ಣದರಲ್ಲೇ ಕಿವಿ ಒಡೆಯುವುದು, ಏಕೆಂದರೆ ವಿದ್ಯಾರ್ಥಿಗಳು ಅಂಗಳದ ಉದ್ದ ಬದಿಗೆ ಅಂಟಿಕೊಂಡೇ, ಪಂದ್ಯ ಪೂರ್ತಿ ನಿಂತೇ ಇರುತ್ತಾರೆ. ಈ ಸದ್ದಿನಿಂದ ಆಟಗಾರ ಹೆದರುತ್ತಾನೆ ಎನ್ನುವುದು ಅಷ್ಟು ನಿಜವಲ್ಲ. ಆ ಮಟ್ಟದ ಹುಡುಗರಿಗೆ ಸದ್ದೆಂದರೆ ಹಬ್ಬ. ಕೆಡುವುದು ಮಾತು. "ಬಲಕ್ಕೆ ಸ್ಕ್ರೀನ್ ಬರುತ್ತಿದೆ" ಎಂದು ಹಿಂದಿನವನು ಕೂಗುವುದು ಮುಂದಿನವನಿಗೆ ಕೇಳಿಸದು. ಸ್ಕ್ರೀನ್ ಎಂದರೆ ಎದುರಾಳಿಯೊಬ್ಬ ದಾರಿಗೆ ಅಡ್ಡ ನಿಂತು ಗೋಡೆಯಾಗುವುದು. ಅವನು ಸ್ಕ್ರೀನ್‌ಗೆ ಢಿಕ್ಕಿ ಹೊಡೆದು ಅರ್ಧ ಸೆಕೆಂಡ್ ಹಿಂದೆ ಬೀಳುತ್ತಾನೆ, ಇನ್ನೊಬ್ಬ ಅವನ ನೆರವಿಗೆ ಹೋಗುತ್ತಾನೆ, ಮೂಲೆಯಲ್ಲಿ ಒಬ್ಬ ಶೂಟರ್ ಒಂಟಿಯಾಗುತ್ತಾನೆ. ಟೀವಿಯಲ್ಲಿ ನಾವು ನೋಡುವುದು ಕೊನೆಯ ಮೂರಂಕದ ಹೊಡೆತ ಮಾತ್ರ. ಬೇರು ಇರುವುದು ಕೇಳಿಸದ ಆ ಒಂದು ಕೂಗಿನಲ್ಲಿ.

ಇದಕ್ಕೆ ಪೂರಕವಾಗಿ ಒಂದು ನಿಯಮವಿದೆ, ನೋಡುಗರು ಗಮನಿಸುವುದೇ ಕಡಿಮೆ. ಕಾಲೇಜು ಆಟದ ಮೊದಲಾರ್ಧದಲ್ಲಿ ತಂಡ ತನ್ನ ಬೆಂಚಿನಿಂದ ದೂರದ ಬುಟ್ಟಿಗೆ ದಾಳಿ ಮಾಡುತ್ತದೆ, ಹತ್ತಿರದ್ದನ್ನು ಕಾಯುತ್ತದೆ. ದ್ವಿತೀಯಾರ್ಧದಲ್ಲಿ ಇದು ತಿರುವುಮುರುವು. ಹೀಗಾಗಿ ಮೊದಲ 20 ನಿಮಿಷ ಡಿಫೆನ್ಸ್ ನಡೆಯುವುದು ಕೋಚ್‌ನ ಮೂಗಿನ ಕೆಳಗೆ, ಅಷ್ಟಿಷ್ಟು ಕೂಗಿ ತಿದ್ದಬಹುದು. ಮುಂದಿನ 20 ನಿಮಿಷ ಅದು ಆಚೆ ತುದಿಯಲ್ಲಿ, ಸದ್ದು ತಾರಕಕ್ಕೇರಿದ ಹೊತ್ತಿನಲ್ಲಿ. ಅಲ್ಲಿ ಐವರೂ ತಾವೇ ಸಂಭಾಳಿಸಬೇಕು. ಅದಕ್ಕೆ ದ್ವಿತೀಯಾರ್ಧಕ್ಕೆ ಡಿಫೆನ್ಸ್‌ನ ಬಗೆಗಳನ್ನು ಎರಡಕ್ಕೆ ಇಳಿಸಬೇಕು: ಒಂದು ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬ ಒಬ್ಬ ಎದುರಾಳಿಯನ್ನು ಕಾಯುವುದು), ಒಂದು ಝೋನ್ (ಒಬ್ಬೊಬ್ಬ ಅಂಗಳದ ಒಂದು ಭಾಗ ಕಾಯುವುದು). ಮುಷ್ಟಿ ತೋರಿಸಿದರೆ ಒಂದು, ಅಂಗೈ ತೋರಿಸಿದರೆ ಇನ್ನೊಂದು. ಇಲ್ಲಿ ಚಾಣಾಕ್ಷತನ ಮೆರೆಯಲು ಹೋಗಿ ನಾಲ್ಕೈದು ಬಗೆ ಇಟ್ಟುಕೊಂಡ ತಂಡದಲ್ಲಿ ಮೂವರು ಝೋನ್ ಆಡುತ್ತಾರೆ, ಇಬ್ಬರು ತಮ್ಮ ತಮ್ಮ ಆಟಗಾರನ ಹಿಂದೆ ಓಡುತ್ತಾರೆ.

ತಯಾರಿಗೆ ಎಷ್ಟು ದಿನ ಸಿಗುತ್ತದೆ? ನೀವಂದುಕೊಳ್ಳುವುದಕ್ಕಿಂತ ಕಡಿಮೆ. ವಾರಕ್ಕೆ ಸಾಮಾನ್ಯವಾಗಿ ಎರಡು ಪಂದ್ಯ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಕೂಡದು, ಒಂದು ದಿನ ರಜೆ ಕೊಡಲೇಬೇಕು. ಶನಿವಾರದ ಡ್ಯೂಕ್ ಪಂದ್ಯಕ್ಕೆ ಮೈದಾನದಲ್ಲಿ ಸಿಗುವುದು ಎರಡು ಒಳ್ಳೆಯ ದಿನ. ಆದ್ದರಿಂದ ಕೆಲಸದ ಬಹುಪಾಲು ಸಹಾಯಕ ಕೋಚ್‌ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಮುಗಿದಿರುತ್ತದೆ. ಪ್ರತಿ ಎದುರಾಳಿಗೂ ಒಬ್ಬ ಸಹಾಯಕನನ್ನು ನೇಮಿಸುವುದು ರೂಢಿ. ಅವನು ಎದುರಾಳಿಯ ಇತ್ತೀಚಿನ ನಾಲ್ಕೈದು ಪಂದ್ಯ ಪೂರ್ತಿ ನೋಡಿ, ಸಿನರ್ಜಿಯಂಥ ವಿಡಿಯೊ ಸೇವೆಯಿಂದ ತುಣುಕು ಕತ್ತರಿಸಿ, ಅದನ್ನೆಲ್ಲ ಆಟಗಾರರಿಗೆ ಒಂದು ಹಾಳೆಗೆ ಇಳಿಸುತ್ತಾನೆ. ಒಂದೇ ಹಾಳೆ. ಅದರಲ್ಲಿ ಪ್ರತಿ ಎದುರಾಳಿಗೆ ಎರಡು ಸಾಲು: ಎಡಕ್ಕೆ ಓಡಿಸಿ, ಶೂಟ್ ಮಾಡುವಂತೆ ನಟಿಸಿದರೆ ಹಾರಬೇಡಿ, ಇವನಿಗೆ ಮೂರಂಕದ ಗೆರೆಯಾಚೆ ಒಂದಡಿಯೂ ಜಾಗ ಬೇಡ, ಇವನನ್ನು ಶೂಟ್ ಮಾಡಲು ಬಿಡಿ, ಆ ಹೊತ್ತಿಗೆ ಬುಟ್ಟಿಯ ಹತ್ತಿರ ಇನ್ನೊಬ್ಬರಿಗೆ ನೆರವಾಗಿ. ಹದಿನೈದು ಪುಟದ ವರದಿ ಕೋಚ್‌ಗೆ ನೆಮ್ಮದಿ ಕೊಡುತ್ತದೆ, ಹುಡುಗರ ತಲೆಯಲ್ಲಿ ಉಳಿಯುವುದಿಲ್ಲ.

ಆ ಎರಡು ದಿನಗಳಲ್ಲಿ ಮಾಡಬೇಕಾದ್ದು ಹೀಗೆ. ಗುರುವಾರ ಬದಲಿ ಆಟಗಾರರ ತಂಡಕ್ಕೆ ಡ್ಯೂಕ್‌ನ ಮುಖ್ಯವಾದ ಆರೇಳು ಆಟದ ವಿನ್ಯಾಸಗಳನ್ನು ಕಲಿಸಿ, ಮುಖ್ಯ ಐವರ ಎದುರು ಅವರಿಂದ ಆಡಿಸುವುದು. ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಪೂರ್ಣ ವೇಗದಲ್ಲಿ. ಶುಕ್ರವಾರ ಸ್ಪೀಕರ್‌ನಲ್ಲಿ ಗದ್ದಲದ ಸದ್ದು ಏರಿಸಿ, ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಮಾಡಿ, ಬರೀ ಕೈಸನ್ನೆಯಲ್ಲಿ ಆಡಿಸುವುದು. ಸದ್ದು ಹಾಕುವುದು ಕಿವಿ ಒಗ್ಗಲಿ ಎಂದಲ್ಲ. ಯಾವ ಸನ್ನೆಗೆ ಗೊಂದಲವಾಗುತ್ತದೆ ಎಂದು ಅಲ್ಲೇ ಬಯಲಾಗಲಿ ಎಂದು. ಎರಡು ಬೆರಳು, ಮೂರು ಬೆರಳು ಓಡುವಾಗ ಒಂದೇ ಥರ ಕಾಣುತ್ತವೆ. ತಲೆ ಮುಟ್ಟುವುದು, ಮೊಣಕೈ ಹಿಡಿಯುವುದು ದೂರಕ್ಕೂ ಸ್ಪಷ್ಟ. ಇನ್ನೊಂದು ಸಣ್ಣ ವಿಷಯ: ಕಾಲೇಜು ಲೀಗ್‌ನಲ್ಲಿ ಚೆಂಡಿನ ಕಂಪನಿಯನ್ನು ತವರಿನ ತಂಡವೇ ಆರಿಸುತ್ತದೆ. ಕಂಪನಿ ಬದಲಾದರೆ ಹಿಡಿತ, ಗೆರೆಯ ಆಳ, ಪುಟಿತ ಎಲ್ಲವೂ ತುಸು ಬೇರೆ. ಹೊರಗಿನ ಪಂದ್ಯಕ್ಕೆ ಎರಡು ದಿನ ಮೊದಲಿಂದ ಆ ಚೆಂಡಿನಲ್ಲೇ ಅಭ್ಯಾಸ ಮಾಡುವುದು ಬುದ್ಧಿವಂತಿಕೆ, ಖರ್ಚೂ ಇಲ್ಲ.

ದಾಳಿಯ ಯೋಜನೆಗೆ ಬರೋಣ. ಡ್ಯೂಕ್‌ನ ಬಲ ಸಾಮಾನ್ಯವಾಗಿ ಉದ್ದನೆಯ ದೇಹಗಳು. 2025ರ ತಂಡದಲ್ಲಿ ಖಮಾನ್ ಮಲುವಾಚ್ ಎಂಬ 7 ಅಡಿ 2 ಅಂಗುಲದ ಆಟಗಾರ ಬುಟ್ಟಿ ಕಾಯುತ್ತಿದ್ದ; ಅವನ ಮುಂದೆ ಕೂಪರ್ ಫ್ಲ್ಯಾಗ್ ಇದ್ದ. ಫೆಬ್ರುವರಿ 1ರ ಪಂದ್ಯ ವಿರಾಮದ ಹೊತ್ತಿಗೇ ನಮ್ಮವರ ಕೈಜಾರಿ, 87–70ರಲ್ಲಿ ಮುಗಿಯಿತು. ಇಂಥವರ ಎದುರು ಗಾರ್ಡ್‌ಗಳು (ಚೆಂಡು ಪುಟಿಸಿ ಆಟ ಕಟ್ಟುವ ಸಣ್ಣ ಆಟಗಾರರು) ಮಾಡುವ ತಪ್ಪು ಒಂದೇ: ಒಂದು ಕಾಲಿನಲ್ಲಿ ಜಿಗಿದು ನೇರ ಎದೆಗೆ ನುಗ್ಗಿ ಲೇ-ಅಪ್ (ಬುಟ್ಟಿಯ ಪಕ್ಕದಿಂದಲೇ ಹಾಕುವ ಶಾಟ್) ಹಾಕಲು ಹೋಗುವುದು. ಬ್ಲಾಕ್ ಆದ ಚೆಂಡು ಟರ್ನೋವರ್ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಪರಿಣಾಮ ಅದೇ: ನುಗ್ಗಿದವನು ಗೆರೆಯಾಚೆ ಬಿದ್ದಿರುತ್ತಾನೆ, ಆಚೆ ಕಡೆ ಐವರು ನಮ್ಮ ನಾಲ್ವರ ಮೇಲೆ ಓಡುತ್ತಿರುತ್ತಾರೆ. ಮದ್ದೆಂದರೆ ಎರಡೂ ಪಾದ ಊರಿ ನಿಲ್ಲುವುದು. ನಿಂತರೆ ಮೂರು ದಾರಿ ತೆರೆಯುತ್ತದೆ: ಎತ್ತರದವನು ಹಾರಿದರೆ ಅಡಿಗೆರೆಯ ಬಳಿ ಕಾದಿರುವ ಜೊತೆಗಾರನಿಗೆ ಪಾಸ್, ಹಾರದಿದ್ದರೆ ಆರೆಂಟು ಅಡಿಯಿಂದ ಮೆಲ್ಲಗೆ ತೇಲಿಸುವ ಶಾಟ್, ಸುತ್ತ ಎಲ್ಲರೂ ಒಳಗೆ ಕುಗ್ಗಿದ್ದರೆ ಮೂಲೆಗೆ ಪಾಸ್.

ಇದಕ್ಕಿಂತ ಮೂಲಭೂತವಾದ ಉಪಾಯವೂ ಇದೆ. ಎತ್ತರದವನನ್ನು ಬುಟ್ಟಿಯ ಬಳಿಯಿಂದಲೇ ಹೊರಗೆಳೆಯುವುದು. 2022ರ ಮಾರ್ಚ್ 5ರ ಪಂದ್ಯ ನೆನೆಯಿರಿ. ಡ್ಯೂಕ್ ಕೋಚ್ ಮೈಕ್ ಶಷೆಫ್‌ಸ್ಕಿ ತವರಿನಲ್ಲಿ ಆಡಿಸಿದ ಕೊನೆಯ ಪಂದ್ಯ. ಹಳೆಯ ಶಿಷ್ಯರೆಲ್ಲ ಬಂದು ಕೂತಿದ್ದರು. ಅದೇ ಡ್ಯೂಕ್ ಸರಿಯಾಗಿ ನಾಲ್ಕು ವಾರದ ಹಿಂದೆ ಚ್ಯಾಪಲ್ ಹಿಲ್‌ಗೇ ಬಂದು 87–67ರಲ್ಲಿ ಬಡಿದು ಹೋಗಿತ್ತು. ಈ ಸಲ ನಾರ್ತ್ ಕೆರೊಲೈನಾ ವಿರಾಮಕ್ಕೆ 2 ಅಂಕ ಹಿಂದಿದ್ದು, 94–81ರಲ್ಲಿ ಗೆದ್ದಿತು. ಬೇಕಾಟ್ 23, ಲವ್ 22, ಡೇವಿಸ್ 21, ಮ್ಯಾನೆಕ್ 20. ನಾಲ್ವರು ಇಪ್ಪತ್ತು ಮುಟ್ಟಿದ್ದೇ ಕತೆಯ ಸಾರ. ಬ್ರೇಡಿ ಮ್ಯಾನೆಕ್ 6 ಅಡಿ 9 ಅಂಗುಲದವನಾದರೂ ಮೂರಂಕದ ಗೆರೆಯಾಚೆ ನಿಂತು ಹೊಡೆಯುವವನು. ಅವನನ್ನು ಕಾಯುವವನು ಹೊರಗೆ ಬರಲೇಬೇಕು. ಆಗ ಒಳಗೆ ಅರ್ಮಾಂಡೊ ಬೇಕಾಟ್‌ಗೆ ಒಬ್ಬನೇ ಎದುರಾಳಿ. ಇಬ್ಬರು ಬಂದರೆ ಹೊರಗೊಬ್ಬ ಖಾಲಿ. ಡಿಫೆನ್ಸ್ ಯಾವುದನ್ನು ಮುಚ್ಚಿದರೂ ಇನ್ನೊಂದು ತೆರೆಯುವ ಐವರನ್ನು ಅಂಗಳಕ್ಕಿಳಿಸಿದ್ದೇ ಅಲ್ಲಿ ಕೆಲಸ ಮಾಡಿದ್ದು. ಅಂಥ ಐವರು ಸಿಕ್ಕರೆ ಬೆಂಚನ್ನು ಕಡಿಮೆ ಬಳಸಿದರೂ ಅಡ್ಡಿಯಿಲ್ಲ. ಎರಡು ದಿನದಲ್ಲಿ ಹತ್ತು ಜನಕ್ಕೆ ಯೋಜನೆ ಕಲಿಸುವುದಕ್ಕಿಂತ ಏಳು ಜನಕ್ಕೆ ಕಲಿಸುವುದು ಸಲೀಸು.

ಸ್ಕ್ರೀನ್ ಬಂದಾಗಲೆಲ್ಲ ಎದುರಾಳಿಗಳು ಪರಸ್ಪರ ಆಟಗಾರರನ್ನು ಬದಲಾಯಿಸಿಕೊಳ್ಳುವ ಡಿಫೆನ್ಸ್ ಆಡಿದರೆ ಏನು ಮಾಡಬೇಕು? ಇಲ್ಲಿ ಹೆಚ್ಚಿನ ತಂಡಗಳು ಮುಗ್ಗರಿಸುತ್ತವೆ. ಎತ್ತರದವನು ನಮ್ಮ ಸಣ್ಣ ಗಾರ್ಡ್‌ನ ಎದುರು ಬಂದು ನಿಂತ ಕೂಡಲೇ ಆ ಗಾರ್ಡ್ "ಸಿಕ್ಕಿತು ಅವಕಾಶ" ಎಂದು ಚೆಂಡು ಪುಟಿಸುತ್ತ ನಿಲ್ಲುತ್ತಾನೆ, ಉಳಿದ ನಾಲ್ವರು ನೋಡುತ್ತ ನಿಲ್ಲುತ್ತಾರೆ. ಶಾಟ್ ಕ್ಲಾಕ್ (ಅಷ್ಟರೊಳಗೆ ಶಾಟ್ ಹೊಡೆಯಲೇಬೇಕಾದ ಗಡಿಯಾರ) 30 ಸೆಕೆಂಡ್‌ನಿಂದ 5ಕ್ಕೆ ಇಳಿಯುತ್ತದೆ, ಕೊನೆಗೆ ಹಿಂದಕ್ಕೆ ವಾಲಿ ಹೊಡೆದ ಕಷ್ಟದ ಶಾಟ್. ಬದಲು, ಸ್ಕ್ರೀನ್ ಹಾಕಲು ಬಂದವನು ಪೂರ್ತಿ ಹಾಕದೆ ಬುಟ್ಟಿಯ ಕಡೆಗೆ ಜಾರಿಕೊಳ್ಳಬೇಕು; ಆ ಇಬ್ಬರೂ ಬದಲಾಯಿಸಿಕೊಳ್ಳುವ ಕ್ಷಣದಲ್ಲಿ ಅವನನ್ನು ಯಾರೂ ಹಿಡಿದಿರುವುದಿಲ್ಲ. ಆ ಪಾಸ್ ಅರ್ಧ ಸೆಕೆಂಡ್ ತಡವಾದರೂ ಕೆಟ್ಟಿತು. ಅದಕ್ಕೇ ಶುಕ್ರವಾರದ ಅಭ್ಯಾಸದಲ್ಲಿ ಇದೊಂದನ್ನು ಇಪ್ಪತ್ತು ಸಲ ಮಾಡಿಸುವುದು.

ಇನ್ನು ಹೊಡೆತ ತಪ್ಪಿದಾಗ ರೀಬೌಂಡ್‌ಗೆ ಎಷ್ಟು ಜನ ನುಗ್ಗಬೇಕು? ಕೆರೊಲೈನಾ ಪರಂಪರೆಯಲ್ಲೇ ಅಫೆನ್ಸಿವ್ ರೀಬೌಂಡ್ ರಕ್ತದಲ್ಲಿದೆ, ಅದನ್ನು ಪೂರ್ತಿ ಬಿಡಲಾಗದು. ಸಿಕ್ಕರೆ ಹೊಸದಾಗಿ 20 ಸೆಕೆಂಡ್, ಜೊತೆಗೆ ಗದ್ದಲಕ್ಕೆ ತಣ್ಣೀರು. ಆದರೆ ಹೊರಗಿನ ಅಂಗಳದಲ್ಲಿ ನನ್ನ ಮತ ಇಷ್ಟು: ಇಬ್ಬರು ನುಗ್ಗಲಿ, ಮೂರನೆಯವನು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಗೆರೆಯ ಬಳಿ ನಿಂತು ಉದ್ದ ಪುಟಿದ ಚೆಂಡಿಗೆ ಕಾಯಲಿ, ಇಬ್ಬರು ಗಾರ್ಡ್‌ಗಳು ಶಾಟ್ ಕೈಬಿಟ್ಟ ಕ್ಷಣವೇ ಹಿಂದೆ ಓಡಲಿ. ಚೆಂಡು ಒಳಗೆ ಬಿತ್ತೋ ಇಲ್ಲವೋ ಎಂದು ನೋಡುತ್ತ ನಿಲ್ಲಬಾರದು. ಮುಕ್ಕಾಲು ಪಾಲು ಸುಲಭದ ಬುಟ್ಟಿಗಳು ಹೋಗುವುದು ಆ ಒಂದು ನೋಟದಲ್ಲೇ.

ಫೌಲ್ ವಿಷಯ. ತವರಿನ ತಂಡದ ಕಡೆಗೆ ಸೀಟಿ ತುಸು ವಾಲುತ್ತದೆ ಎನ್ನುವುದು ಹಲವು ಆಟಗಳಲ್ಲಿ ಕಂಡುಬಂದದ್ದೇ; ಅದಕ್ಕೆ ಗೊಣಗಿ ಫಲವಿಲ್ಲ, ಲೆಕ್ಕಕ್ಕೆ ಹಿಡಿಯಬೇಕು. ಅರ್ಧದ 7ನೇ ತಂಡದ ಫೌಲ್‌ನಿಂದ ಎದುರಾಳಿಗೆ ಬೋನಸ್ ಫ್ರೀ ಥ್ರೋ, ಮೊದಲನೆಯದು ಬಿದ್ದರೆ ಎರಡನೆಯದು. 10ರಿಂದ ನೇರ ಎರಡು. ಆಟಗಾರನಿಗೆ 5 ಫೌಲ್ ಆದರೆ ಹೊರಗೆ. ಬುಟ್ಟಿಯ ಬಳಿಯ ಡಿಫೆನ್ಸ್‌ಗೆ ಒಂದೇ ಸೂಚನೆ: ಕೈ ಕೆಳಗಿಳಿಸಬೇಡ, ಗೋಡೆಯಂತೆ ನೆಟ್ಟಗೆ ಎತ್ತಿ ಎದೆಯಿಂದ ತಡೆ. ನಿಜವಾದ ದಡ್ಡತನದ ಫೌಲ್‌ಗಳು ಬೀಳುವುದು ಅಲ್ಲಲ್ಲ, ಬುಟ್ಟಿಯಿಂದ ಮೂವತ್ತೈದು ಅಡಿ ದೂರದಲ್ಲಿ, ಚೆಂಡು ಕಳಕೊಂಡ ಸಿಟ್ಟಿಗೆ ಕೈ ಹಾಕಿದಾಗ.

ಈಗ ಆ ಎರಡು ನಿಮಿಷವನ್ನು ಹತ್ತಿರದಿಂದ ನೋಡೋಣ. ದ್ವಿತೀಯಾರ್ಧ, 13:20 ಉಳಿದಿದೆ ಎಂದಿಟ್ಟುಕೊಳ್ಳಿ. ಡ್ಯೂಕ್ ಸತತ 7 ಅಂಕ ಗಳಿಸಿದೆ, ವಿದ್ಯಾರ್ಥಿಗಳು ಕುಣಿಯುತ್ತಿದ್ದಾರೆ. ಟೀವಿ ವಿರಾಮ ಬರುವುದು ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಮೊದಲ ಬಾರಿ ಆಟ ನಿಂತಾಗ. ಅಂದರೆ ಇನ್ನೂ ಒಂದೂವರೆ ನಿಮಿಷದ ದಾರಿ, ನಾಲ್ಕೈದು ಸರದಿ. ಅಲ್ಲಿಯ ತನಕ ಕಾಯಬಾರದು, ಸ್ವಂತ ಟೈಮ್‌ಔಟ್ ಈಗಲೇ ಖರ್ಚು ಮಾಡಬೇಕು. ಅದೇ 12:10 ಆಗಿದ್ದರೆ ತಡೆಯಬಹುದಿತ್ತು.

ಟೈಮ್‌ಔಟ್ ಮುಗಿದು ವಿದ್ಯಾರ್ಥಿಗಳಿರುವ ಬದಿಯಿಂದಲೇ ಚೆಂಡು ಒಳಗೆಸೆಯಬೇಕಾಗಿ ಬಂತು. ಎಸೆಯುವವನ ಬೆನ್ನಿಗೆ ಬೆರಳು ತಾಗುವಷ್ಟು ಹತ್ತಿರ ಕೈಗಳು ಅಲ್ಲಾಡುತ್ತಿವೆ, ಎದುರಿಗೆ ಆರೂವರೆ ಅಡಿಯವನು ಹಾರುತ್ತಿದ್ದಾನೆ, ಇರುವುದು 5 ಸೆಕೆಂಡ್. ಇಲ್ಲಿ ಅನುಭವವಿಲ್ಲದವನು ಅಂಗಳದಾಚೆಗೆ ಎತ್ತರದ ಪಾಸ್ ಎಸೆಯುತ್ತಾನೆ. ಡ್ಯೂಕ್ ಕಾದಿರುವುದೇ ಅದಕ್ಕೆ. ಸರಿಯಾದ ಕ್ರಮ: ನಾಲ್ವರೂ ಎಸೆಯುವವನ ಮುಂದೆ ಒತ್ತಾಗಿ ಸಾಲು ನಿಲ್ಲುವುದು. ಚೆಂಡನ್ನು ಬಡಿದು ಸನ್ನೆ ಕೊಟ್ಟೊಡನೆ ಮೊದಲನೆಯವನು ಮೂಲೆಗೆ, ಎರಡನೆಯವನು ಬುಟ್ಟಿಗೆ, ಪಾಯಿಂಟ್ ಗಾರ್ಡ್ ಹಿಂದಕ್ಕೆ, ತಮ್ಮದೇ ಅರ್ಧ ಅಂಗಳಕ್ಕೆ ಓಡುವುದು. ಒಳಗೆಸೆಯುವ ಪಾಸ್ ಹಿಂದಿನ ಅರ್ಧಕ್ಕೆ ಹೋದರೂ ನಿಯಮಭಂಗವಿಲ್ಲ. ಮತ್ತೆ 10 ಸೆಕೆಂಡ್‌ನಲ್ಲಿ ಗೆರೆ ದಾಟಿದರಾಯಿತು. ನಾಲ್ಕು ಎಣಿಸುವಷ್ಟರಲ್ಲಿ ಯಾರೂ ಸಿಗದಿದ್ದರೆ ಟೈಮ್‌ಔಟ್ ಕೇಳಬೇಕು, ಅಥವಾ ಎದುರಿನವನ ಮೊಣಕಾಲಿಗೆ ಬಡಿದು ಹೊರಹೋಗುವಂತೆ ಎಸೆಯಬೇಕು. ಸಪ್ಪೆ ಆಟ ಎನ್ನಿಸಬಹುದು. ಮೂರು ಚೆಂಡಿನಲ್ಲಿ ಒಂದು ಉಳಿಯುವುದು ಹೀಗೆಯೇ.

ಅದಾದ ಮೇಲಿನ ಶಾಟ್ ಯಾರದು? 7 ಅಂಕ ಒಟ್ಟಿಗೆ ಬಿದ್ದಾಗ ಒಂದೇ ಏಟಿಗೆ ವಾಪಸ್ ಪಡೆಯುವ ಆಸೆಯಿಂದ, ನಾಲ್ಕನೇ ಸೆಕೆಂಡಿಗೇ ದೂರದಿಂದ ಮೂರಂಕದ ಹೊಡೆತ ಹೊಡೆಯುವುದು ಎಲ್ಲ ಕಾಲೇಜು ಹುಡುಗರಿಗೂ ಇರುವ ಚಟ. ತಪ್ಪಿದರೆ ಉದ್ದಕ್ಕೆ ಪುಟಿದ ರೀಬೌಂಡ್, ಮತ್ತೆ ಓಟ. ಅದಕ್ಕೆ ಮೊದಲೇ ಒಂದು ಕಟ್ಟಳೆ ಇರಬೇಕು: ಎದುರಾಳಿ ಸತತ 6 ಅಂಕ ಗಳಿಸಿದ್ದರೆ ಮುಂದಿನ ಸರದಿಯಲ್ಲಿ ಚೆಂಡು ಒಮ್ಮೆಯಾದರೂ ಬುಟ್ಟಿಯ ಬಳಿ ಇರುವವನ ಕೈಗೆ ಹೋಗಿ ಬರಲೇಬೇಕು. ಬುಟ್ಟಿ ಬಿದ್ದರೆ ಒಳ್ಳೆಯದು. ಫೌಲ್ ಸಿಕ್ಕರೆ ಇನ್ನೂ ಒಳ್ಳೆಯದು, ಫ್ರೀ ಥ್ರೋ ಹೊತ್ತಿನಲ್ಲಿ ಐವರೂ ಉಸಿರು ತೆಗೆದುಕೊಂಡು ಡಿಫೆನ್ಸ್‌ಗೆ ಸಾಲಾಗಿ ನಿಲ್ಲಬಹುದು.

ಹಾಗಂತ ಆಟವನ್ನು ನಿಧಾನಗೊಳಿಸಿ ಕೂರುವುದು ಮದ್ದಲ್ಲ. ಕೆರೊಲೈನಾದಂಥ ಓಡುವ ತಂಡ ಹೊರಗೆ ಹೋದಾಗ ಮಾತ್ರ ನಿಧಾನವಾಗಿ ಆಡಲು ಹೊರಟರೆ ತನ್ನ ಆಟವೂ ಇಲ್ಲ, ಎದುರಾಳಿಯ ಆಟವೂ ಇಲ್ಲ. 2024ರ ಮಾರ್ಚ್ 9ರಂದು ಅವರು ಇದೇ ಅಂಗಳದಲ್ಲಿ 84–79ರಲ್ಲಿ ಗೆದ್ದಾಗ ಕಾರ್ಮಕ್ ರಯಾನ್ 31 ಅಂಕ ಹೊಡೆದದ್ದು ಕೈಕಟ್ಟಿ ಆಡಿ ಅಲ್ಲ. 2019ರ ಫೆಬ್ರುವರಿ 20ರಂದು ಡ್ಯೂಕ್‌ನ ತಾರೆ ಜಯಾನ್ ವಿಲಿಯಮ್ಸನ್‌ನ ಶೂ ಮೊದಲ ನಿಮಿಷದಲ್ಲೇ ಹರಿದು ಅವನು ಹೊರನಡೆದ ಪಂದ್ಯವಂತೂ ನಿಮಗೆ ಗೊತ್ತು, ಅಂದು ನಮ್ಮವರು 88–72ರಲ್ಲಿ ಗೆದ್ದರು. ಜನ ಅದನ್ನು ಅದೃಷ್ಟ ಎನ್ನುತ್ತಾರೆ. ಅದೃಷ್ಟ ನಿಜವೇ, ಆದರೆ ನಮ್ಮ ಲ್ಯೂಕ್ ಮೇ 30 ಅಂಕ ಗಳಿಸಿದ್ದು ಶೂ ಹರಿದದ್ದಕ್ಕಷ್ಟೇ ಅಲ್ಲ. ಬುಟ್ಟಿಯ ಬಳಿ ಖಾಲಿಯಾದ ಜಾಗಕ್ಕೆ ತಂಡ ಮತ್ತೆ ಮತ್ತೆ ಚೆಂಡು ಕಳಿಸಿತು.

ಕೊನೆಯ ನಿಮಿಷಗಳ ತೀರ್ಮಾನಗಳನ್ನು ಹಿಂದಿನ ದಿನವೇ ಬರೆದಿಟ್ಟಿರಬೇಕು, ಆ ಸದ್ದಿನಲ್ಲಿ ಯಾರೂ ಹೊಸದಾಗಿ ಯೋಚಿಸಲಾರರು. ಮೊದಲಾರ್ಧದ ಕೊನೆಯಲ್ಲಿ ಗಡಿಯಾರ 37 ಸೆಕೆಂಡ್ ತೋರಿಸುವ ಹೊತ್ತಿಗೆ ಶಾಟ್ ಹೊಡೆದರೆ, ಎದುರಾಳಿ ತನ್ನ 30 ಸೆಕೆಂಡ್ ಪೂರ್ತಿ ಬಳಸಿದರೂ ನಮಗೆ ಇನ್ನೊಂದು ಚಿಕ್ಕ ಅವಕಾಶ ಉಳಿಯುತ್ತದೆ. ಕೆಟ್ಟ ಶಾಟ್ ಹೊಡೆದು ಅದನ್ನು ಸಾಧಿಸುವುದು ದಂಡ, ಒಳ್ಳೆಯದು ಸಿಕ್ಕರೆ ಮಾತ್ರ. ಪಂದ್ಯದ ಕೊನೆಗೆ 3 ಅಂಕ ಮುಂದಿದ್ದು 6 ಸೆಕೆಂಡ್‌ಗಿಂತ ಕಡಿಮೆ ಉಳಿದಿದ್ದರೆ, ಎದುರಾಳಿ ಶೂಟ್ ಮಾಡಲು ಕೈ ಎತ್ತುವ ಮುನ್ನ, ಅವನಿನ್ನೂ ಪುಟಿಸುತ್ತಿರುವಾಗ ಫೌಲ್ ಮಾಡಿ ಎರಡು ಫ್ರೀ ಥ್ರೋಗೆ ಕಳಿಸುವುದು ಒಂದು ದಾರಿ. ಕೆಲವು ಕೋಚ್‌ಗಳು ಒಪ್ಪುವುದಿಲ್ಲ. ಒಪ್ಪಲಿ ಬಿಡಲಿ, ಯಾರು ಫೌಲ್ ಮಾಡಬೇಕು ಎಂದು ಹೆಸರು ಹಿಡಿದು ಹೇಳಿರಬೇಕು.

ಮುಂದಿನ ಸಲ ಮಗಳ ಜೊತೆ ಫೋನಿನಲ್ಲಿ ಪಂದ್ಯ ನೋಡುವಾಗ ಸ್ಕೋರ್ ಬಿಟ್ಟು ಒಂದು ಕಾಗದದಲ್ಲಿ ಒಂದನ್ನೇ ಗುರುತು ಹಾಕಿ: ನಮ್ಮವರ ಕೈತಪ್ಪಿದ ಜೀವಂತ ಚೆಂಡುಗಳು ಎಷ್ಟು, ಬ್ಲಾಕ್ ಆಗಿ ಓಟಕ್ಕೆ ದಾರಿಯಾದವೂ ಸೇರಿ. ವಿರಾಮದ ಹೊತ್ತಿಗೆ ಅದು ಮೂರರೊಳಗಿದ್ದರೆ ಎದ್ದು ಕಾಫಿ ಮಾಡಿಕೊಂಡು ಬನ್ನಿ, ಪಂದ್ಯ ಇನ್ನೂ ಇದೆ. ಎಂಟು ದಾಟಿದ್ದರೆ, ನಮ್ಮ ಕಾಲಮಾನದಲ್ಲಿ ಬೆಳಗಿನ ಜಾವವಲ್ಲವೇ, ಮಲಗುವುದೇ ಮೇಲು.